200 ಮೇಲ್ ಬೇಡ, 10 ಸಾಕು

ನಮಸ್ಕಾರ. ಹೋದ ವಿಡಿಯೋ ಕೆಳಗೆ ಒಂದು ಕಾಮೆಂಟ್ ಬಂದಿದೆ, ಹಾಗೇ ಓದ್ತೀನಿ. "ಸರ್, ಇಂಟರ್ನ್‌ಶಿಪ್‌ಗೆ 200 ಕಂಪನಿಗೆ ಮೇಲ್ ಹಾಕಿದೀನಿ, ಒಬ್ಬರೂ ರಿಪ್ಲೈ ಮಾಡಿಲ್ಲ. ಸಣ್ಣ ಊರಿನ ಕಾಲೇಜಿನವರಿಗೆ ಬೆಲೆನೇ ಇಲ್ಲ." ಅದರ ಕೆಳಗೆ "ನಂದೂ ಇದೇ ಕಥೆ", "ನಂದೂ" ಅಂತ ಸಾಲು ಸಾಲು.

ಊರಿನ ಮಾತು ಆಮೇಲೆ. ಮೊದಲು ಆ 200ರ ಲೆಕ್ಕ ಮಾಡೋಣ. ಕಾಪಿ, ಪೇಸ್ಟ್, ರೆಸ್ಯೂಮೆ ಅಟ್ಯಾಚ್, ಸೆಂಡ್: ಒಂದಕ್ಕೆ ಎರಡು ನಿಮಿಷ. 200ಕ್ಕೆ 400 ನಿಮಿಷ. ಅದೇ 400 ನಿಮಿಷಾನ 40-40 ನಿಮಿಷ ಅಂತ ಹಂಚಿ, 10 ಮೇಲ್ ಆಗುತ್ತೆ. ನಾನು ಕೇಳ್ತಾ ಇರೋದು ಇಷ್ಟೇ. ಹೆಚ್ಚು ಕೆಲಸ ಮಾಡಿ ಅಂತಿಲ್ಲ, ಅದೇ 400 ನಿಮಿಷ. 200 ಬೇಡ, 10 ಕಳಿಸಿ.

ಆ 40 ನಿಮಿಷದಲ್ಲಿ ಏನು ಮಾಡ್ಬೇಕು? ಮೊದಲ 15 ನಿಮಿಷ ಆ ಕಂಪನಿ ಏನು ತಯಾರು ಮಾಡುತ್ತೆ ಅಂತ ಓದೋದು. ಅವರ ಒಂದು ಪ್ರಾಡಕ್ಟ್ ಹೆಸರು ನಿಮಗೆ ಬಾಯಲ್ಲಿ ಬರ್ಬೇಕು. 10 ನಿಮಿಷ ರೆಸ್ಯೂಮೆ ಮೇಲೆ ಕೆಳಗೆ ಮಾಡೋದು: ಅವರ ಕೆಲಸಕ್ಕೆ ಹತ್ತಿರ ಇರೋ ಪ್ರಾಜೆಕ್ಟ್ ಮೊದಲು ಬರ್ಲಿ, ಎಸ್ಸೆಸ್ಸೆಲ್ಸಿ ಪರ್ಸೆಂಟೇಜ್ ಕೆಳಗೆ ಹೋಗ್ಲಿ, ಒಂದೇ ಪುಟ, ಪಿಡಿಎಫ್. 10 ನಿಮಿಷ ನಾಲ್ಕೈದು ವಾಕ್ಯದ ಮೇಲ್ ಬರೆಯೋದು. ಕೊನೇ 5 ನಿಮಿಷ ಚೆಕ್ ಮಾಡೋದು.

ಆ ಕೊನೇ 5 ನಿಮಿಷ ಯಾರೂ ಕೊಡಲ್ಲ, ಅಲ್ಲೇ ಎಡವಟ್ಟಾಗೋದು. ರೆಸ್ಯೂಮೆನ ಗೂಗಲ್ ಡ್ರೈವ್ ಲಿಂಕ್ ಮಾಡಿ ಕಳಿಸ್ತೀರಿ, ಪರ್ಮಿಷನ್ ಕೊಟ್ಟಿರಲ್ಲ. ಆ ಕಡೆಯವರು ಕ್ಲಿಕ್ ಮಾಡಿದ್ರೆ "ರಿಕ್ವೆಸ್ಟ್ ಆಕ್ಸೆಸ್" ಅಂತ ಬರುತ್ತೆ. ನಿಮ್ಮ ರೆಸ್ಯೂಮೆ ನೋಡೋಕೆ ಅವರು ನಿಮ್ಮ ಹತ್ರ ಅಪ್ಪಣೆ ಕೇಳ್ಬೇಕಾ? ಟ್ಯಾಬ್ ಮುಚ್ತಾರೆ, ಮುಗೀತು. ಲಿಂಕನ್ನ ನಿಮ್ಮ ಲಾಗಿನ್ ಇಲ್ಲದ ಇನ್‌ಕಾಗ್ನಿಟೋ ವಿಂಡೋದಲ್ಲಿ ಒಂದ್ಸಲ ತೆರೆದು ನೋಡಿ, ಹತ್ತು ಸೆಕೆಂಡಿನ ಕೆಲಸ. ಫೈಲ್ ಹೆಸರು "ರೆಸ್ಯೂಮೆ ಫೈನಲ್ 3" ಅಂತಿದ್ರೆ ಅವರ ಡೌನ್‌ಲೋಡ್ ಫೋಲ್ಡರ್‌ನಲ್ಲಿ ಕಳೆದೇ ಹೋಗುತ್ತೆ. ನಿಮ್ಮ ಹೆಸರು, ಬ್ರ್ಯಾಂಚ್ ಇಡಿ. ಸಬ್ಜೆಕ್ಟ್ ಲೈನ್‌ನಲ್ಲಿ ಬರೀ "ಇಂಟರ್ನ್‌ಶಿಪ್" ಅಂತ ಬಿಡಬೇಡಿ. "ಎಂಬೆಡೆಡ್ ಇಂಟರ್ನ್‌ಶಿಪ್, 16 ವಾರ, ಫೆಬ್ರವರಿಯಿಂದ, ಎಲೆಕ್ಟ್ರಾನಿಕ್ಸ್ ಫೈನಲ್ ಇಯರ್" ಅಂತ ಪೂರ್ತಿ ಬರೀರಿ. ವಿಟಿಯು, ಅಂದ್ರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸಿಲಬಸ್ ಸ್ಕೀಮ್‌ನಲ್ಲಿ 14ರಿಂದ 20 ವಾರದ ಇಂಟರ್ನ್‌ಶಿಪ್ ಇದೆ. ನೀವು ಬರೋದು ಒಂದು ತಿಂಗಳಿಗಾ, ನಾಲ್ಕು ತಿಂಗಳಿಗಾ ಗೊತ್ತಿಲ್ಲದೆ ಯಾವ ಟೀಮ್ ಲೀಡ್ ನಿಮಗೆ ಕೆಲಸ ಎತ್ತಿಡ್ತಾರೆ?

ಇನ್ನು 200ರ ಭಾಗ್ಯ ನೋಡಿ. ಹಿಂದಿನ ಕಂಪನಿ ಹೆಸರು ಹಾಗೇ ಉಳಿದಿರುತ್ತೆ. ಪೇಸ್ಟ್ ಮಾಡಿದ ಕಡೆ ಫಾಂಟ್ ಬೇರೆ, ಬಣ್ಣ ಬೇರೆ. ಇನ್ನೂ ಕೆಲವರು 40 ಕಂಪನಿಗಳ ಐಡಿನ ಸಿಸಿಯಲ್ಲಿ ತುಂಬಿಸಿ ಒಂದೇ ಏಟಿಗೆ ಕಳಿಸ್ತಾರೆ, 40 ಜನಾನೂ ಮಿಕ್ಕ 39 ಹೆಸರು ನೋಡ್ತಾರೆ. ಮದುವೆಗೆ ಮನೆಗೆ ಬಂದು, ಅಕ್ಷತೆ ಕೊಟ್ಟು ಕರೆದವರ ಮನೆಗೆ ಹೋಗ್ತೀರಾ, ವಾಟ್ಸಾಪ್ ಗ್ರೂಪಿಗೆ ಕಾರ್ಡ್ ಎಸೆದವರ ಮನೆಗೆ ಹೋಗ್ತೀರಾ? ಕಂಪನಿಯವರೂ ಮನುಷ್ಯರೇ ಕಣ್ರಪ್ಪಾ. 10 ಕಳಿಸಿ!

ಚಾನಲ್‌ಗೆ ಹೊಸಬರಾಗಿದ್ರೆ ಸಬ್‌ಸ್ಕ್ರೈಬ್ ಮಾಡ್ಕೊಳ್ಳಿ. ಶನಿವಾರ ಸಂಜೆ 7ಕ್ಕೆ ಲೈವ್‌ನಲ್ಲಿ ರೆಸ್ಯೂಮೆ ನೋಡ್ತೀವಿ, ಒಂದು ಪೈಸೆ ತಗೊಳ್ಳಲ್ಲ. ಹಾಂ, ಪೈಸೆ ಅಂದಾಗ ನೆನಪಾಯ್ತು. "ರಿಜಿಸ್ಟ್ರೇಷನ್ ಫೀಸ್ ಕಟ್ಟಿ, ಸರ್ಟಿಫಿಕೇಟ್ ಕೊಡ್ತೀವಿ" ಅಂದ್ರೆ ಅದು ಇಂಟರ್ನ್‌ಶಿಪ್ ಅಲ್ಲ, ಸರ್ಟಿಫಿಕೇಟ್ ಅಂಗಡಿ. 200 ಕಡೆ ಕಾಯ್ದು ಸುಸ್ತಾದವರೇ ಅಲ್ಲಿಗೆ ಹೋಗಿ ಬೀಳೋದು. ಮುಂದಿನ ಇಂಟರ್ವ್ಯೂನಲ್ಲಿ "ಅಲ್ಲಿ ಏನು ಮಾಡಿದ್ರಿ?" ಅಂತ ಕೇಳಿದಾಗ ಆ ಹಾಳೆ ಮಾತಾಡಲ್ಲ.

ಈಗ ಸಣ್ಣ ಊರಿನ ಮಾತು. ಬೆಳಗಾವಿಯ ಮೆಕ್ಯಾನಿಕಲ್ ಹುಡುಗ ಬೆಂಗಳೂರಿನ 200 ಸಾಫ್ಟ್‌ವೇರ್ ಕಂಪನಿಗೆ ಮೇಲ್ ಹಾಕ್ತಾನೆ ಅಂತಿಟ್ಕೊಳ್ಳಿ. ಅವನ ಊರಲ್ಲೇ ಉದ್ಯಮಬಾಗ್ ಕೈಗಾರಿಕಾ ಪ್ರದೇಶ ಇದೆ, ಫೌಂಡ್ರಿ, ಮಷೀನ್ ಶಾಪ್ ಸಾಲಾಗಿವೆ. ಎರಕದಲ್ಲಿ ಬ್ಲೋಹೋಲ್, ಅಂದ್ರೆ ಗ್ಯಾಸ್ ಸಿಕ್ಕಿಕೊಂಡು ಆಗೋ ತೂತು, ಯಾಕೆ ಬರುತ್ತೆ? ಮರಳಲ್ಲಿ ತೇವ ಹೆಚ್ಚಾದ್ರೆ, ಗ್ಯಾಸ್ ಹೊರಗೆ ಹೋಗೋಕೆ ದಾರಿ ಇಲ್ಲದಿದ್ರೆ. ಇದು ಅವನ ಸಿಲಬಸ್‌ನಲ್ಲೇ ಇದೆ. "ನಿಮ್ಮ ಮೂರು ತಿಂಗಳ ರಿಜೆಕ್ಷನ್ ಲೆಕ್ಕಾನ ದೋಷದ ಪ್ರಕಾರ, ಶಿಫ್ಟ್ ಪ್ರಕಾರ ವಿಂಗಡಿಸಿ, ಮರಳಿನ ತೇವದ ರೀಡಿಂಗ್ ಜೊತೆ ಇಟ್ಟು ತೋರಿಸ್ತೀನಿ" ಅಂತ ಬರೆದು, ಪ್ರಿಂಟ್ ತಗೊಂಡು, ಗೇಟ್‌ಗೆ ಹೋಗಿ ಕೊಡ್ಲಿ. ಓದಿದ ಮಾಲೀಕರು ಅವನನ್ನ ನಿಲ್ಲಿಸಿ ಮಾತಾಡಿಸ್ತಾರೆ. ಮೈಸೂರಿನವರಿಗೆ ಹೆಬ್ಬಾಳ ಇದೆ, ಮಂಗಳೂರಿನವರಿಗೆ ಬೈಕಂಪಾಡಿ ಇದೆ, ಬೆಂಗಳೂರಿನಲ್ಲೇ ಪೀಣ್ಯ ಇದೆ. ಸಣ್ಣ ಊರು ಅಡ್ಡಿ ಅಲ್ಲ ಕಣ್ರೀ, ಅದೇ ನಿಮ್ಮ ಅನುಕೂಲ!

ರಿಸರ್ಚ್ ಕಡೆ ಹೋಗೋರೂ ಆ 200 ಮೇಲ್‌ನ ತಪ್ಪನ್ನೇ ಮಾಡ್ತೀರಿ. ಐಐಎಸ್‌ಸಿಯ ಪ್ರೊಫೆಸರ್‌ಗೆ "ನಿಮ್ಮ ಪೇಪರ್ ಓದಿ ಪ್ರಭಾವಿತನಾದೆ" ಅಂತ ಬರೀತೀರಿ. ಯಾವ ಪೇಪರ್? ಅದರಲ್ಲಿ ಏನು ಅರ್ಥ ಆಯ್ತು, ಎಲ್ಲಿ ಸಿಕ್ಕಿಹಾಕಿಕೊಂಡ್ರಿ? ಅರ್ಥ ಆಗದ ಒಂದು ಗ್ರಾಫ್ ಬಗ್ಗೆ ಸರಿಯಾಗಿ ಒಂದು ಪ್ರಶ್ನೆ ಕೇಳಿದ್ರೂ ಸಾಕು, ನೀವು ಓದಿದೀರಿ ಅಂತ ಅವರಿಗೆ ಗೊತ್ತಾಗುತ್ತೆ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಇನ್ನೆರಡು ಅಕಾಡೆಮಿ ಜೊತೆ ಸೇರಿ ನಡೆಸೋ ಎರಡು ತಿಂಗಳ ಸಮ್ಮರ್ ಫೆಲೋಶಿಪ್‌ಗೆ ಅರ್ಜಿ ಹಾಕೋ ಸಮಯ ಹಿಂದಿನ ವರ್ಷದ ಕೊನೆಯಲ್ಲೇ ಬಂದು ಹೋಗುತ್ತೆ. ಏಪ್ರಿಲ್‌ನಲ್ಲಿ ಎದ್ದು ಹುಡುಕಿದ್ರೆ ಏನು ಸಿಗುತ್ತೆ? ಅಲ್ಲೂ ಏನು ಮಾಡ್ಬೇಕು ಅಂತಿದೀರಿ ಅನ್ನೋದನ್ನ ನೀವೇ ಬರೆದು ಕೊಡ್ಬೇಕು.

"ಇದೆಲ್ಲ ನಂಬರ್ ಗೇಮ್ ಸರ್" ಅಂತ ಬರ್ದಿದೀರಿ ಒಬ್ಬರು. ಲಾಟರಿ ಟಿಕೆಟ್ಟಾ ಇದು? ಸೊನ್ನೆನ 200ರಿಂದ ಗುಣಿಸಿದ್ರೂ ಸೊನ್ನೆನೇ. ಇನ್ನೊಬ್ಬರು "ನಮ್ಮ ಸೀನಿಯರ್‌ಗೆ 300ನೇ ಮೇಲ್‌ಗೆ ಸಿಕ್ತು" ಅಂತಾರೆ. ಸಿಗಲಿ, ಸಂತೋಷ. ಆ 300ನೇದನ್ನ ಮೊದಲ ದಿನವೇ ಕೂತು ಬರೆದಿದ್ರೆ? ನಮ್ಮ ಹಿರಿಯರು ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು ಅಂದ್ರು, ನೀವು 200 ಕಟ್ಟೋಕೆ ಹೊರಟಿದೀರಿ. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ 2024ರ ಅಕ್ಟೋಬರ್‌ನಲ್ಲಿ ಶುರುವಾದಾಗ ಒಬ್ಬರಿಗೆ 5 ಕಡೆ ಮಾತ್ರ ಅರ್ಜಿ ಹಾಕೋ ಅವಕಾಶ ಇತ್ತು. 5! ಅದರಲ್ಲೂ ಆಗಿನ ನಿಯಮದಲ್ಲಿ ವಯಸ್ಸು 21ರಿಂದ 24, ಫುಲ್‌ಟೈಮ್ ಓದ್ತಾ ಇರೋರಿಗೆ ಜಾಗ ಇಲ್ಲ. ನಿಯಮ ಓದದೆ ಫಾರ್ಮ್ ತುಂಬೋಕೆ ಕೂತವರ ಸಮಯ ಹೋಗಿದ್ದೇ ಬಂತು.

"ಸರ್, ಟೆಂಪ್ಲೇಟ್ ಕೊಡಿ." ಕೊಡಲ್ಲ! ಕೊಟ್ರೆ ನೀವೆಲ್ಲಾ ಅದನ್ನೇ ಕಳಿಸ್ತೀರಿ, ಆಗ ಮತ್ತೆ ಎಲ್ಲಾ ಒಂದೇ. ಚಾಟ್‌ಜಿಪಿಟಿ ಬರೆದುಕೊಟ್ಟಿದ್ದೂ ಅಷ್ಟೇ, ಎಲ್ಲರ ಮೇಲ್‌ನಲ್ಲೂ ಅದೇ ಮೊದಲ ಸಾಲು. ನೀವು ಮಾಡಿದ ಪ್ರಾಜೆಕ್ಟ್‌ನಲ್ಲಿ ಏನು ಕೆಟ್ಟುಹೋಯ್ತು, ಹೇಗೆ ಸರಿ ಮಾಡಿದ್ರಿ ಅನ್ನೋದು ಅದಕ್ಕೆ ಗೊತ್ತಾ? ಅದು ನಿಮ್ಮೊಬ್ಬರಿಗೇ ಗೊತ್ತು. ಅದನ್ನ ಬರೀರಿ.

ಏಳು ದಿನ ಆದ್ಮೇಲೂ ಉತ್ತರ ಇಲ್ವಾ? ಅದೇ ಮೇಲ್‌ಗೆ ರಿಪ್ಲೈ ಮಾಡಿ ಎರಡು ಸಾಲು ನೆನಪಿಸಿ, ಒಂದೇ ಸಲ. ದಿನಾ ವಾಟ್ಸಾಪ್ ಮಾಡಬೇಡಿ.

ಕಾಮೆಂಟ್ ಹಾಕಿದವರೇ, ಸಿಟ್ಟು ಮಾಡ್ಕೊಳ್ಳಬೇಡಿ. ನಿಮ್ಮ ಆ 400 ನಿಮಿಷ ಸುಮ್ಮನೆ ಹೋಯ್ತಲ್ಲ ಅಂತ ನನಗೇ ಹೊಟ್ಟೆ ಉರಿಯುತ್ತೆ. ಇವತ್ತು ರಾತ್ರಿ ಒಂದು ಕಂಪನಿ, ಒಂದೇ. 40 ನಿಮಿಷ. ಬರೆದು ಶನಿವಾರದ ಲೈವ್‌ಗೆ ತನ್ನಿ, ಫೋನ್ ನಂಬರ್ ಮುಚ್ಚಿ ಸ್ಕ್ರೀನ್‌ಶಾಟ್ ಹಾಕಿ, ಸಾಲು ಸಾಲಾಗಿ ಓದೋಣ. ಡ್ರೈವ್ ಲಿಂಕ್ ಇದ್ರೆ, ದಯವಿಟ್ಟು, ಪರ್ಮಿಷನ್ ಕೊಟ್ಟು ತನ್ನಿ.