ನೋವು ಶುರುವಾಗಿದ್ದು ಎಷ್ಟು ಗಂಟೆಗೆ?

ಎಲ್ಲರಿಗೂ ನಮಸ್ಕಾರ. ನಾನು ಕೋಲಾರ ಜಿಲ್ಲೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ಕೆಲಸ ಮಾಡುತ್ತೇನೆ. ಹದಿನೇಳು ವರ್ಷ ಆಯಿತು. ಇವತ್ತು ಒಂದೇ ಒಂದು ರಕ್ತ ಪರೀಕ್ಷೆಯ ಬಗ್ಗೆ ಮಾತಾಡುತ್ತೇನೆ. ಎದೆನೋವು ಅಂತ ಆಸ್ಪತ್ರೆಗೆ ಹೋದರೆ ಇಸಿಜಿ ಆದಮೇಲೆ ಮಾಡುತ್ತಾರಲ್ಲ, ಟ್ರೋಪೋನಿನ್ ಟೆಸ್ಟ್, ಅದು. ಸಿಸ್ಟರ್‌ಗಳು ‘ಟ್ರೋಪ್-ಐ ಕಳಿಸಿ’, ‘ಟ್ರೋಪ್-ಟಿ ಕಳಿಸಿ’ ಅನ್ನುವುದು ಇದನ್ನೇ.

ಮೊದಲು ನಮ್ಮ ಮನೆಯಲ್ಲಿ ಆಗಿದ್ದನ್ನು ಹೇಳಿಬಿಡುತ್ತೇನೆ.

ನಮ್ಮ ಚಿಕ್ಕಪ್ಪ ಟೊಮೆಟೊ ಬೆಳೆಯುವವರು. ಕೆಲವು ವರ್ಷದ ಹಿಂದೆ ಒಂದು ದಿನ ಬೆಳಗಿನ ಜಾವ ನಾಲ್ಕು ಗಂಟೆಗೆ ಎಪಿಎಂಸಿಗೆ ಹೋಗಲು ಗಾಡಿಗೆ ಬಾಕ್ಸ್ ತುಂಬುತ್ತಿದ್ದರು. ಒಂದೊಂದು ಬಾಕ್ಸ್ ಹದಿನೈದು ಕೆಜಿ. ಎದೆ ನಡುವೆ ಯಾರೋ ಕಲ್ಲಿಟ್ಟ ಹಾಗೆ ಆಯಿತಂತೆ. ಗ್ಯಾಸ್ ಇರಬೇಕು ಅಂತ ಚಿಕ್ಕಮ್ಮ ಓಂಕಾಳು ಕೊಟ್ಟರು, ಆಮೇಲೆ ಸೋಡಾ ಆಯಿತು. ಕಡಿಮೆ ಆಗಲಿಲ್ಲ. ಐದು ಗಂಟೆಗೆ ಹತ್ತಿರದ ಒಂದು ಕಡೆ ತೋರಿಸಿದರು. ಇಸಿಜಿಯಲ್ಲಿ ಅಂಥದ್ದೇನೂ ಕಾಣಲಿಲ್ಲ, ಟ್ರೋಪ್ ಕಾರ್ಡ್, ಅಂದರೆ ಟ್ರೋಪೋನಿನ್ ನೋಡುವ ಪ್ಲಾಸ್ಟಿಕ್ ಕಾರ್ಡ್ ಹಾಕಿದರು, ನೆಗೆಟಿವ್ ಬಂತು, ಗ್ಯಾಸಿನ ಮಾತ್ರೆ ಕೊಟ್ಟು ಮನೆಗೆ ಕಳಿಸಿದರು. ಚಿಕ್ಕಪ್ಪನ ಮಗ ನನಗೆ ಫೋನ್ ಮಾಡಿ, "ಅಕ್ಕಾ, ನೆಗೆಟಿವ್ ಅಂತೆ, ಪರವಾಗಿಲ್ಲ ಅಲ್ವಾ?" ಅಂದ. ನಾನು ನಿದ್ದೆಗಣ್ಣಲ್ಲಿ "ನೆಗೆಟಿವ್ ಬಂದಿದ್ದರೆ ಸರಿ ಬಿಡೋ" ಅಂದೆ. ನೋವು ಎಷ್ಟು ಗಂಟೆಗೆ ಶುರುವಾಯಿತು ಅಂತ ಕೇಳಲೇ ಇಲ್ಲ. ಅವತ್ತು ಹನ್ನೊಂದು ಗಂಟೆಗೆ ಮೈಯೆಲ್ಲ ಬೆವೆತು ಕುಸಿದು ಕೂತರು. ಎರಡನೇ ಸಲ ಬೇರೆ ಆಸ್ಪತ್ರೆಯಲ್ಲಿ ಕಾರ್ಡ್ ಹಾಕಿದಾಗ ಎರಡು ಗೆರೆ ಎದ್ದು ಕಾಣುತ್ತಿತ್ತು, ಅಂದರೆ ಪಾಸಿಟಿವ್. ಜೀವ ಉಳಿಯಿತು. ಆದರೆ ಈಗ ಬಾಕ್ಸ್ ಎತ್ತುವುದಿರಲಿ, ತೋಟದ ಏರಿ ಹತ್ತಿದರೂ ಎರಡು ಸಲ ನಿಲ್ಲುತ್ತಾರೆ.

ಬೆಳಗ್ಗೆ ಹಾಕಿದ ಕಾರ್ಡ್ ಸುಳ್ಳು ಹೇಳಿತಾ? ಇಲ್ಲ. ಬೇಗ ಕೇಳಿದೆವು, ಅಷ್ಟೇ.

ಗುಂಡಿಗೆಯ ಮಾಂಸದೊಳಗೆ ಟ್ರೋಪೋನಿನ್ ಅನ್ನುವ ಪ್ರೋಟೀನ್ ಇರುತ್ತದೆ. ಗುಂಡಿಗೆ ಕುಗ್ಗುವುದು ಹಿಗ್ಗುವುದು ನಡೆಯಲು ಅದು ಬೇಕು. ಅದರಲ್ಲಿ ಸಿ, ಐ, ಟಿ ಅಂತ ಮೂರು ಭಾಗ. ಐ ಮತ್ತು ಟಿ ಗುಂಡಿಗೆಯಲ್ಲಿ ಒಂದು ಥರ, ಕೈಕಾಲಿನ ಮಾಂಸದಲ್ಲಿ ಇನ್ನೊಂದು ಥರ ಇರುತ್ತವೆ. ಹಾಗಾಗಿ ರಕ್ತದಲ್ಲಿ ಗುಂಡಿಗೆಯ ಐ ಅಥವಾ ಟಿ ಜಾಸ್ತಿ ಸಿಕ್ಕಿತು ಅಂದರೆ ಗುಂಡಿಗೆಯ ಮಾಂಸಕ್ಕೇ ಏಟು ಬಿದ್ದಿದೆ ಅಂತ ಗೊತ್ತಾಗುತ್ತದೆ. ಆದರೆ ಅದು ಸೋರಿ ರಕ್ತಕ್ಕೆ ಬರಲು ಹೊತ್ತು ಬೇಕು. ನಮ್ಮ ಕಡೆ ಟೊಮೆಟೊ ಸಾಲಿಗೆ ಡ್ರಿಪ್ ಪೈಪ್ ಎಳೆದು ಮೇಲೆ ಮಲ್ಚಿಂಗ್ ಶೀಟ್ ಹೊದಿಸುತ್ತಾರಲ್ಲ, ಆ ಶೀಟಿನ ಕೆಳಗೆ ಪೈಪ್ ಒಡೆದರೆ ಒಡೆದ ನಿಮಿಷಕ್ಕೇ ನಿಮಗೆ ಕಾಣುತ್ತದಾ? ನೀರು ಇಳಿದು, ಹರಡಿ, ಸಾಲಿನ ಅಂಚಿಗೆ ಬಂದಮೇಲೆ ತಾನೇ ಅಯ್ಯೋ ಅನ್ನುವುದು. ಇದೂ ಹಾಗೇ. ಕಾರ್ಡ್ ಟೆಸ್ಟಿನಲ್ಲಿ ಕಾಣುವಷ್ಟು ಟ್ರೋಪೋನಿನ್ ರಕ್ತಕ್ಕೆ ಬರಲು ನೋವು ಶುರುವಾಗಿ ಮೂರು ನಾಲ್ಕು ಗಂಟೆ ಬೇಕು, ಕೆಲವರಲ್ಲಿ ಆರು ಗಂಟೆ. ಒಂದು ದಿನದೊಳಗೆ ಏರುವಷ್ಟು ಏರಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಪೈಪ್ ಸರಿ ಮಾಡಿದರೂ ಮಣ್ಣು ನಾಲ್ಕು ದಿನ ಒದ್ದೆ ಇರುವ ಹಾಗೆ ಇದೂ ಒಂದು ವಾರ, ಹತ್ತು ದಿನ ರಕ್ತದಲ್ಲಿ ಉಳಿಯುತ್ತದೆ.

ಚಿಕ್ಕಪ್ಪನಿಗೆ ಬೆಳಗ್ಗೆ ಟೆಸ್ಟ್ ಮಾಡಿದ್ದು ನೋವು ಬಂದ ಒಂದೇ ಗಂಟೆಗೆ. ಅದಕ್ಕೇ ಎದೆನೋವಿಗೆ ಒಂದು ನೆಗೆಟಿವ್ ಸಾಲುವುದಿಲ್ಲ. ಕಾರ್ಡ್ ಆದರೆ ಮೂರರಿಂದ ಆರು ಗಂಟೆ ಬಿಟ್ಟು ಇನ್ನೊಂದು ಸಲ ರಕ್ತ ಕೊಡಬೇಕು. ದೊಡ್ಡ ಆಸ್ಪತ್ರೆಗಳಲ್ಲಿ ಹೈ ಸೆನ್ಸಿಟಿವಿಟಿ ಟ್ರೋಪೋನಿನ್ ಮೆಷಿನ್ ಇರುತ್ತದೆ, ಅದು ತುಂಬ ಕಡಿಮೆ ಪ್ರಮಾಣವನ್ನೂ ಹಿಡಿಯುತ್ತದೆ. ಅಲ್ಲಿ ಒಂದು ಗಂಟೆಯಿಂದ ಮೂರು ಗಂಟೆಯೊಳಗೆ ಎರಡನೇ ಸ್ಯಾಂಪಲ್ ನೋಡಿ ಬಹಳ ಜನರ ವಿಷಯ ತೀರ್ಮಾನ ಮಾಡುತ್ತಾರೆ. ಅಲ್ಲಿಯೂ ನೋಡುವುದು ಏರಿತಾ, ಇಳಿಯಿತಾ ಅಂತಲೇ.

ಕಾರ್ಡ್ ಅಂದೆನಲ್ಲ, ಅದು ಬೆರಳುದ್ದದ ಪ್ಲಾಸ್ಟಿಕ್ ಕಾರ್ಡ್, ನೋಡಲು ಬಸುರಿ ಟೆಸ್ಟ್ ಕಾರ್ಡಿನ ಹಾಗೇ ಇರುತ್ತದೆ. ಒಂದು ತುದಿಯಲ್ಲಿ ಗುಳಿ, ನಡುವೆ ಕಿಟಕಿ. ಗುಳಿಗೆ ರಕ್ತದ ಅಥವಾ ಸೀರಂನ ಹನಿ ಬಿಟ್ಟು ಹೆಚ್ಚು ಕಡಿಮೆ 15 ನಿಮಿಷ ಕಾಯಬೇಕು. ಕಾರ್ಡಿನ ಮೇಲಿನ ಸಿ ಅಂದರೆ ಕಂಟ್ರೋಲ್, ಟಿ ಅಂದರೆ ಟೆಸ್ಟ್, ಮೇಲೆ ಹೇಳಿದ ಟ್ರೋಪೋನಿನ್‌ನ ಸಿ, ಟಿ ಅಲ್ಲ. ಕಿಟಕಿಯಲ್ಲಿ ಸಿ ಹತ್ತಿರ ಒಂದೇ ಗೆರೆ ಬಂದರೆ ನೆಗೆಟಿವ್. ಸಿ, ಟಿ ಎರಡರ ಹತ್ತಿರವೂ ಬಂದರೆ ಪಾಸಿಟಿವ್. ಸಿ ಗೆರೆಯೇ ಬರದಿದ್ದರೆ ಆ ಕಾರ್ಡನ್ನು ಬಿಸಾಕಿ ಹೊಸದು ಹಾಕಬೇಕು. ಕೆಲವು ಸಲ ಟಿ ಗೆರೆ ಎಷ್ಟು ತೆಳು ಅಂದರೆ ಟ್ಯೂಬ್‌ಲೈಟ್ ಕೆಳಗೆ ಹಿಡಿದು, ಓರೆ ಮಾಡಿ, ಪಕ್ಕದವರನ್ನೂ ಕರೆದು ತೋರಿಸುತ್ತೇನೆ. ತೆಳುವಾಗಿದ್ದರೂ ಗೆರೆ ಗೆರೆಯೇ. ಅದನ್ನು ಡಾಕ್ಟರಿಗೆ ಹೇಳಲೇಬೇಕು.

ಹಿಂದಿನವರಿಗೆ ಇಷ್ಟು ಅನುಕೂಲ ಇರಲಿಲ್ಲ. 1954ರಲ್ಲಿ ಹಾರ್ಟ್ ಅಟ್ಯಾಕ್ ಆದವರ ರಕ್ತದಲ್ಲಿ ಎಸ್‌ಜಿಒಟಿ ಅನ್ನುವ ಕಿಣ್ವ ಏರುತ್ತದೆ ಅಂತ ಕಂಡುಕೊಂಡರು. ಇವತ್ತು ಲಿವರ್ ಟೆಸ್ಟಿನಲ್ಲಿ ನೋಡುತ್ತೀರಲ್ಲ, ಅದೇ ಎಸ್‌ಜಿಒಟಿ. ಲಿವರ್ ಕೆಟ್ಟರೂ ಅದು ಏರುತ್ತದೆ, ಹಾಗಾಗಿ ಗೊಂದಲ. ಆಮೇಲೆ ಮಾಂಸದಲ್ಲಿರುವ ಸಿಕೆ, ಸಿಕೆ-ಎಂಬಿ ಅನ್ನುವ ಕಿಣ್ವಗಳ ಟೆಸ್ಟ್ ಬಂದವು. ಸಿಕೆಯೋ, ಜೋರಾಗಿ ಮೂಟೆ ಹೊತ್ತರೂ ಏರುವಂಥದ್ದು. ಟ್ರೋಪೋನಿನ್ ಅನ್ನು 1960ರ ದಶಕದಲ್ಲಿ ಕಂಡುಹಿಡಿದವರು ಜಪಾನಿನ ಸೆತ್ಸುರೊ ಎಬಾಶಿ. ಅದನ್ನು ರಕ್ತದಲ್ಲಿ ಅಳೆಯುವ ಟೆಸ್ಟ್ ಬಂದಿದ್ದು 1980ರ ದಶಕದ ಕೊನೆಯಲ್ಲಿ. 2000ದಲ್ಲಿ ಅಮೆರಿಕ ಮತ್ತು ಯೂರೋಪಿನ ಹೃದಯ ತಜ್ಞರ ಸಂಘಗಳು ಹಾರ್ಟ್ ಅಟ್ಯಾಕ್ ಅಂದರೇನು ಅಂತ ಹೊಸದಾಗಿ ಹೇಳಿದಾಗ ಟ್ರೋಪೋನಿನ್‌ಗೇ ಮುಖ್ಯ ಜಾಗ ಕೊಟ್ಟವು.

ಇನ್ನೊಂದು ಮಾತು. ಪಾಸಿಟಿವ್ ಬಂದ ತಕ್ಷಣ ರಕ್ತನಾಳ ಕಟ್ಟಿಕೊಂಡಿದೆ ಅಂತಲೂ ಅಲ್ಲ. ಕಿಡ್ನಿ ಕೆಟ್ಟು ಡಯಾಲಿಸಿಸ್ ಮಾಡಿಸುವವರಲ್ಲಿ ಬಹಳ ಜನಕ್ಕೆ ಇದು ಯಾವಾಗಲೂ ಸ್ವಲ್ಪ ಮೇಲೇ ಇರುತ್ತದೆ. ಡೆಂಗಿ ಗುಂಡಿಗೆಗೆ ತಾಕಿದಾಗ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದಾಗ, ಮೈಯೆಲ್ಲ ಸೋಂಕಾದಾಗ ಕೂಡ ಏರುತ್ತದೆ. ರಿಪೋರ್ಟ್ ಹಿಡಿದು ನೀವೇ ಲೆಕ್ಕ ಹಾಕಬೇಡಿ. ಒಂದು ಲ್ಯಾಬಿನವರು 0.04 ಅಂತ ಬರೆಯುತ್ತಾರೆ, ಇನ್ನೊಬ್ಬರು 40 ಅಂತ ಬರೆಯುತ್ತಾರೆ. ಒಂದು ಮಿಲಿಲೀಟರಿಗೆ ನ್ಯಾನೋಗ್ರಾಂ, ಇನ್ನೊಂದು ಲೀಟರಿಗೆ ನ್ಯಾನೋಗ್ರಾಂ. ಎರಡೂ ಒಂದೇ! ಇದು ಗೊತ್ತಿಲ್ಲದೆ ಸಾವಿರ ಪಟ್ಟು ಜಾಸ್ತಿ ಆಗಿದೆ ಅಂತ ಅತ್ತವರನ್ನು ನೋಡಿದ್ದೇನೆ.

ಏನೂ ತೊಂದರೆ ಇಲ್ಲದವರು ಬಂದು "ಬ್ಲಾಕ್ ಇದೆಯಾ ನೋಡಬೇಕು, ಟ್ರೋಪ್ ಮಾಡಿ" ಅನ್ನುತ್ತಾರೆ. ಮುಂದೆ ಬರುವ ಅಟ್ಯಾಕನ್ನು ಈ ಕಾರ್ಡ್ ಹೇಳುವುದಿಲ್ಲ. ಸುಮ್ನೆ ದುಡ್ಡು ಹಾಳು. ಆ ದುಡ್ಡಲ್ಲಿ ಶುಗರ್, ಕೊಲೆಸ್ಟ್ರಾಲ್ ನೋಡಿಸಿ, ಬಿಪಿ ನೋಡಿಸಿ.

ಇನ್ನು ನೋವು ಇದ್ದಾಗ ಟೆಸ್ಟಿಗೆ ಹೊತ್ತಾಗಲಿ ಅಂತ ಮನೆಯಲ್ಲಿ ಕಾಯುವುದು ಬೇಡವೇ ಬೇಡ. 108ಕ್ಕೆ ಫೋನ್ ಮಾಡಿ, ಹೋಗಿ. ಹೋದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಇಸಿಜಿಯಲ್ಲೇ ದೊಡ್ಡ ಅಟ್ಯಾಕ್ ಕಂಡರೆ ನಮ್ಮ ರಿಪೋರ್ಟಿಗೆ ಯಾರೂ ಕಾಯುವುದಿಲ್ಲ, ಕಾಯಲೂಬಾರದು. ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರದ ಹೃದಯ ಜ್ಯೋತಿ ಯೋಜನೆ ಇದೆ. ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಸಿಗುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ಕೆಲವು ಸಲ ನೋವೇ ಇರುವುದಿಲ್ಲ, ಬರೀ ಬೆವರು, ಸುಸ್ತು, ಏದುಸಿರು.

ಚಿಕ್ಕಪ್ಪನ ವಿಷಯ ಆದಮೇಲೆ ನಾನು ಯಾರಿಗೇ ಸೂಜಿ ಚುಚ್ಚುವ ಮೊದಲೂ ನೋವು ಎಷ್ಟು ಗಂಟೆಗೆ ಶುರುವಾಯಿತು ಅಂತ ಕೇಳಿ ಚೀಟಿಯ ಮೇಲೆ ಬರೆಯುತ್ತೇನೆ. ನಮ್ಮ ಜನ ಗಡಿಯಾರದ ಗಂಟೆ ಹೇಳುವುದಿಲ್ಲ. ಮೊದಲನೇ ಬಸ್ಸು ಹೋದಮೇಲೆ ಅನ್ನುತ್ತಾರೆ, ಕರೆಂಟ್ ಬಂದು ಮೋಟ್ರು ಹಾಕಿದಾಗ ಅನ್ನುತ್ತಾರೆ. ಅದೂ ಸಾಕು, ಲೆಕ್ಕ ಹಾಕಿಕೊಳ್ಳಬಹುದು. ಮೊನ್ನೆ ಒಬ್ಬ ಅಮ್ಮ ಬಂದಿದ್ದರು, ಕೈಯಲ್ಲಿ ಇನ್ನೂ ಖಾಲಿ ಹಾಲಿನ ಕ್ಯಾನ್. "ಯಾವಾಗಿಂದಮ್ಮಾ ನೋವು?" ಅಂದೆ. "ಡೈರಿಗೆ ಹಾಲು ಹಾಕಿ ವಾಪಸ್ ಬರ್ತಿದ್ದೆ ಕಣಮ್ಮಾ, ಆಗ" ಅಂದರು. ಆರೂವರೆ ಅಂತ ಬರೆದುಕೊಂಡೆ. ಏಳೂವರೆಗೆ ಹಾಕಿದ ಕಾರ್ಡಿನಲ್ಲಿ ಒಂದೇ ಗೆರೆ, ಇಸಿಜಿಯೂ ಚೆನ್ನಾಗಿತ್ತು. ಮನೆಗೆ ಹೋಗುತ್ತೇನೆ, ಹಸು ಕಟ್ಟಿದಲ್ಲೇ ಇದೆ ಅಂತ ಹಟ ಮಾಡಿದರು. ಡಾಕ್ಟರ್ ಚೀಟಿಯ ಮೇಲಿನ ಗಂಟೆ ನೋಡಿ ಬಿಡಲಿಲ್ಲ. ಹತ್ತೂವರೆಗೆ ಎರಡನೇ ಕಾರ್ಡ್ ಹಾಕಿದೆ. ಟ್ಯೂಬ್‌ಲೈಟ್ ಕೆಳಗೆ ಹಿಡಿಯುವ ಅಗತ್ಯವೇ ಬರಲಿಲ್ಲ. ಹನ್ನೊಂದರ ಹೊತ್ತಿಗೆ ಅವರು ಬೆಂಗಳೂರಿನ ದಾರಿಯಲ್ಲಿ ಆಂಬುಲೆನ್ಸಿನಲ್ಲಿದ್ದರು. ಹಾಲಿನ ಕ್ಯಾನ್ ನಮ್ಮ ಲ್ಯಾಬಿನ ಬೆಂಚಿನ ಕೆಳಗೇ ಉಳಿದಿತ್ತು, ಸಂಜೆ ಅವರ ಸೊಸೆ ಬಂದು ತೆಗೆದುಕೊಂಡು ಹೋದರು.