ರಾಯಚೂರಿನ ತರಗತಿಯಿಂದ ಸಿಂಧನೂರಿನ ಸವಳು ನೆಲಕ್ಕೆ

ಮಾನ್ಯ ಅಧ್ಯಾಪಕರೆ, ವಿದ್ಯಾರ್ಥಿ ಮಿತ್ರರೆ,

ನಾನು 1994ರಿಂದ 1998ರವರೆಗೆ ಇದೇ ಆವರಣದಲ್ಲಿ ಕೃಷಿ ಪದವಿಗೆ ಓದಿದವನು. ಆದರೆ ನನ್ನ ಪ್ರಮಾಣಪತ್ರದ ಮೇಲಿರುವುದು ಧಾರವಾಡದ ಹೆಸರು. ರಾಯಚೂರಿಗೆ ತನ್ನದೇ ಕೃಷಿ ವಿಶ್ವವಿದ್ಯಾಲಯ ದೊರೆತದ್ದು 2008ರಲ್ಲಿ. ಬೇಸಿಗೆಯ ರಾತ್ರಿಗಳಲ್ಲಿ ಹಾಸಿಗೆ ಹೊತ್ತು ಹಾಸ್ಟೆಲಿನ ಮಾಳಿಗೆ ಏರುತ್ತಿದ್ದುದನ್ನು ನಿಮಗೆ ವಿವರಿಸಬೇಕಾಗಿಲ್ಲ. ಆ ಸೆಕೆ ನಿಮಗೂ ಗೊತ್ತು.

ಇಂದಿಗೂ ಮರೆಯದಿರುವುದು ಮಣ್ಣು ವಿಜ್ಞಾನದ ಪ್ರಯೋಗಾಲಯ. ಮಣ್ಣಿಗೆ ಭಟ್ಟಿ ಇಳಿಸಿದ ನೀರು ಬೆರೆಸಿ, ಮೇಲ್ಮೈ ಹೊಳೆಯುವಷ್ಟು ಹದವಾಗಿ ಕಲಸಿ, ಅದರಿಂದ ಹೀರಿ ತೆಗೆದ ದ್ರಾವಣದ ವಿದ್ಯುತ್ ವಾಹಕತೆಯನ್ನು ಅಳೆಯುತ್ತಿದ್ದೆವು. ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಅದು ಲವಣಯುಕ್ತ ಮಣ್ಣು. ವಿನಿಮಯ ಸೋಡಿಯಂ, ಅಂದರೆ ಮಣ್ಣಿನ ಕಣಗಳಿಗೆ ಅಂಟಿಕೊಂಡ ಸೋಡಿಯಂನ ಪಾಲು, ಶೇ. 15ನ್ನು ಮೀರಿ, ರಸಸಾರ 8.5ಕ್ಕಿಂತ ಹೆಚ್ಚಿದ್ದರೆ ಅದು ಕ್ಷಾರ ಮಣ್ಣು, ಅದಕ್ಕೆ ಮದ್ದು ಜಿಪ್ಸಂ. ನಮ್ಮೂರಿನಲ್ಲಿ ಇಷ್ಟು ಪರದಾಟವಿರಲಿಲ್ಲ. ನೆಲದ ಮೇಲೆ ಬಿಳಿ ಪೊರೆ ಎದ್ದರೆ ಸವಳು, ಕಾಲಿಟ್ಟಲ್ಲಿ ಹುದುಗಿದರೆ ಜವಳು ಎನ್ನುತ್ತಿದ್ದರು. ಅಂಕ ಕಡಿಮೆಯಾದೀತೆಂಬ ಭಯಕ್ಕೆ ಈ ಎರಡು ಪದಗಳನ್ನು ನಾನು ಒಂದು ಉತ್ತರಪತ್ರಿಕೆಯಲ್ಲಿಯೂ ಬರೆಯಲಿಲ್ಲ.

2002ರಲ್ಲಿ ಸಿಂಧನೂರು ತಾಲ್ಲೂಕಿನ ಒಂದು ರೈತ ಸಂಪರ್ಕ ಕೇಂದ್ರಕ್ಕೆ ಕೃಷಿ ಅಧಿಕಾರಿಯಾಗಿ ಹೋದೆ. ಬಿತ್ತನೆ ಬೀಜ ಹಂಚುವುದು, ರಿಜಿಸ್ಟರ್ ತುಂಬುವುದು, ಮತ್ತೆ ರಿಜಿಸ್ಟರ್ ತುಂಬುವುದು. ಎರಡನೆಯ ವರ್ಷ, ಹಳ್ಳದ ದಂಡೆಯ ತಗ್ಗು ಹೊಲದವರೊಬ್ಬರಿಗೆ ಪರೀಕ್ಷಾ ವರದಿ ನೋಡಿ ಜಿಪ್ಸಂ ಹಾಕಲು ಹೇಳಿದೆ. ಅವರು ಸಾಲ ಮಾಡಿ ಹಾಕಿದರು. ಮುಂದಿನ ಹಂಗಾಮಿನಲ್ಲಿಯೂ ಸಸಿ ಏಳಲಿಲ್ಲ. ಕಚೇರಿಗೆ ಬಂದವರು ಬೈಯಲಿಲ್ಲ. “ಸಾಹೇಬ್ರೆ, ನೀವು ಮಣ್ಣು ನೋಡಿದ್ರಿ, ನೀರು ಎಲ್ಲಿಂದ ಬರ್ತದ ನೋಡಿದ್ರೇನು?” ಎಂದರು.

ನೋಡಿರಲಿಲ್ಲ. ಜಿಪ್ಸಂನ ಕ್ಯಾಲ್ಸಿಯಂ ಮಣ್ಣಿನ ಕಣಗಳಿಂದ ಸೋಡಿಯಂ ಬಿಡಿಸಿದರೂ, ಬಿಡಿಸಿದ್ದನ್ನು ಕೆಳಕ್ಕೆ ತೊಳೆದು ಹೊರಗೊಯ್ಯಲು ಬಸಿಗಾಲುವೆ ಇರಬೇಕು. ಪಾಠದಲ್ಲಿದ್ದ ಆ ವಾಕ್ಯವನ್ನು ನಾನು ಬಾಯಿಪಾಠ ಮಾಡಿದ್ದೆನೇ ಹೊರತು ಅರ್ಥ ಮಾಡಿಕೊಂಡಿರಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನ ಬಹುಭಾಗವನ್ನು ಜೋಳ, ಹತ್ತಿ, ಶೇಂಗಾದಂತಹ ಮಿತ ನೀರಿನ ಬೆಳೆಗಳಿಗೆಂದು ಯೋಜಿಸಿದ್ದರು, ಬೆಳೆದದ್ದು ಭತ್ತ. ಮೇಲಿನ ಗದ್ದೆಗಳಲ್ಲಿ ತಿಂಗಳುಗಟ್ಟಲೆ ನಿಂತ ನೀರು ಎರೆಯ ನೆಲದೊಳಗೆ ನಿಧಾನವಾಗಿ ಸರಿದು ತಗ್ಗಿನಲ್ಲಿ ಮೇಲೇಳುತ್ತಿತ್ತು. ಬಿಸಿಲಿಗೆ ನೀರು ಆರಿ ಉಪ್ಪು ಉಳಿಯುತ್ತಿತ್ತು. ಒಬ್ಬರ ಹೊಲದ ರೋಗ ಹತ್ತು ಮಂದಿಯ ನೀರಿನಿಂದ ಬಂದಿತ್ತು, ಮತ್ತು ನನ್ನ ಪದವಿ ನನಗೆ ಒಬ್ಬ ರೈತನಿಗೆ ಒಂದು ಚೀಟಿ ಬರೆದುಕೊಡುವುದನ್ನಷ್ಟೇ ಕಲಿಸಿತ್ತು. ಇದನ್ನು ದೂರಾಗಿ ಹೇಳುತ್ತಿಲ್ಲ. ಆದರೂ ಗ್ರಾಮೀಣ ಕಾರ್ಯಾನುಭವಕ್ಕೆ ಹಳ್ಳಿಯಲ್ಲಿ ಉಳಿಯುವ ನೀವು ಒಂದು ಸಂಜೆಯನ್ನಾದರೂ ನೀರು ಬಳಕೆದಾರರ ಸಂಘದ ಸಭೆಯಲ್ಲಿ ಕಳೆಯಬೇಕೆಂಬುದು ನನ್ನ ಕೋರಿಕೆ. ಅಲ್ಲಿ ಜಗಳವೇ ಹೆಚ್ಚು, ಆದರೆ ಮಣ್ಣಿನ ಅರ್ಧ ವಿಜ್ಞಾನ ಆ ಜಗಳದಲ್ಲಿದೆ.

ಆ ತಗ್ಗಿನಲ್ಲಿ ಬಸಿಗಾಲುವೆ ತೋಡಲು ಹತ್ತು ಹೊಲದವರನ್ನು ಒಪ್ಪಿಸುವುದಕ್ಕೆ ನನಗೆ ಮೂರು ವರ್ಷ ಹಿಡಿಯಿತು. ಹನ್ನೊಂದನೆಯವರು ಕೊನೆಗೂ ಒಪ್ಪಲಿಲ್ಲ. ಆದ್ದರಿಂದ ಅವರ ಬದುವಿನ ಹತ್ತಿರ ಅದು ಸೊಟ್ಟಗೆ ತಿರುಗಿ ಹಳ್ಳ ಸೇರುತ್ತದೆ. ಜಿಪ್ಸಂ ಹಾಕಿ ಸೋತವರು ಈಗ ಅಲ್ಲಿ ಭತ್ತವಲ್ಲ, ಜೋಳ ಬೆಳೆಯುತ್ತಾರೆ.