ಕಾಲಮಿತಿ ಆಟ: ಪದ್ಯ ಹಿಡಿದು ನೋಡುವ ಬಗೆ

ಸಭೆಗೆ ನಮಸ್ಕಾರ.

ಮುಂಬಯಿಯಲ್ಲಿ ಯಕ್ಷಗಾನಕ್ಕೆ ಪ್ರೇಕ್ಷಕರ ಬರವಿಲ್ಲ. ಕರಾವಳಿಯಲ್ಲಿ ಪತ್ತನಾಜೆಗೆ, ಅಂದರೆ ಮೇ 24ರ ಆಸುಪಾಸಿಗೆ, ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ನಿಲ್ಲಿಸುತ್ತವೆ. ಆಮೇಲೆ ಮಳೆಗಾಲದಲ್ಲಿ ಕಲಾವಿದರು ತಂಡ ಕಟ್ಟಿಕೊಂಡು ಇತ್ತ ಬರುತ್ತಾರೆ. ಆದಿತ್ಯವಾರ ಮಧ್ಯಾಹ್ನ ಮಾಟುಂಗಾ, ಸಾಂತಾಕ್ರೂಸ್, ಕುರ್ಲಾ ಕಡೆಯ ಸಭಾಗೃಹಗಳು ತುಂಬುತ್ತವೆ. ಆದರೆ ಆಟ ಮುಗಿಸಿ ಲೋಕಲ್ ಹಿಡಿಯಲು ಓಡುವವರ ಬಾಯಲ್ಲಿ ಬಹಳ ಸಲ ಒಂದೇ ಮಾತು: "ಕುಣಿತ ಭಾರೀ ಆಯ್ತು ಮಾರಾಯ್ರೆ, ಕಥೆ ಮಾತ್ರ ಎಲ್ಲಿಂದ ಎಲ್ಲಿಗೆ ಹೋಯ್ತೋ!"

ತಪ್ಪನ್ನು ಕಾಲಮಿತಿಯ, ಅಂದರೆ ರಾತ್ರಿಯಿಡೀ ನಡೆಯುವ ಆಟವನ್ನು ಕೆಲವೇ ಗಂಟೆಗೆ ಇಳಿಸುವ ಪದ್ಧತಿಯ, ತಲೆಗೆ ಕಟ್ಟುವುದು ವಾಡಿಕೆ. ಈ ಊರಲ್ಲಿ ಕಾಲಮಿತಿ ಬಿಟ್ಟರೆ ಗತಿಯೂ ಇಲ್ಲ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ರಾಜ್ಯ ಸರ್ಕಾರ ಸಡಿಲಿಕೆ ಕೊಟ್ಟರೂ ಅದು ವರ್ಷಕ್ಕೆ ಹದಿನೈದು ದಿನ ಮೀರದಂತೆ, ಅದೂ ಮಧ್ಯರಾತ್ರಿಯವರೆಗೆ ಮಾತ್ರ. ಗಣೇಶೋತ್ಸವ, ನವರಾತ್ರಿಗೇ ಆ ದಿನಗಳು ಸಾಲುವುದಿಲ್ಲ. ಹಾಗಾಗಿ ಮುಚ್ಚಿದ ಸಭಾಗೃಹ, ಮೂರು ಗಂಟೆ, ವಿರಾರಿನವರಿಗೂ ಕಲ್ಯಾಣದವರಿಗೂ ಗಾಡಿ ಸಿಗುವ ಹೊತ್ತಿಗೆ ಮಂಗಳ. ಇದು ಬದಲಾಗುವ ಲಕ್ಷಣವಿಲ್ಲ. ನನ್ನ ಲೆಕ್ಕದಲ್ಲಿ ಹೊತ್ತು ಕಡಿಮೆಯಾದದ್ದರಿಂದ ಅಂಥ ನಷ್ಟವೇನೂ ಆಗಿಲ್ಲ. ಹಾಡುಗಾರರಾದ ಭಾಗವತರು ಹಾಡುವ ಪದ್ಯಗಳಲ್ಲಿ ಯಾವುದು ಉಳಿಯಿತು, ಯಾವುದು ಹೋಯಿತು ಎಂದು ಸಂಘಟಕರೂ ಕೇಳುವುದಿಲ್ಲ, ನೋಡುವವರೂ ಕೇಳುವುದಿಲ್ಲ. ತೊಂದರೆ ಇರುವುದು ಅಲ್ಲಿ.

ಲೆಕ್ಕ ನೋಡಿ. ಮೂರು ಗಂಟೆ ಎಂದರೆ 180 ನಿಮಿಷ. ಕಥೆಗೂ ಮುಂಚೆ ಬರುವ, ಮೊಟಕುಗೊಳಿಸಿದ ಪೂರ್ವರಂಗಕ್ಕೆ ಒಂದು ಕಾಲುಗಂಟೆ, ಮಂಗಳಕ್ಕೆ ಐದು ನಿಮಿಷ. ಉಳಿದದ್ದು 160. ಒಂದು ಪದ್ಯ ಹಾಡಿ, ಕುಣಿದು, ಅದಕ್ಕೆ ಅರ್ಥ, ಅಂದರೆ ಪದ್ಯ ಹಿಡಿದು ಪಾತ್ರ ಆಡುವ ಮಾತು, ಹೇಳಿ ಮುಗಿಸಲು ಸರಾಸರಿ ನಾಲ್ಕು ನಿಮಿಷ ಎಂದಿಟ್ಟುಕೊಂಡರೆ ನಲವತ್ತು ಪದ್ಯ. ಆಟದ ಕಥೆಯನ್ನು ಪದ್ಯಗಳಲ್ಲಿ ಕಟ್ಟಿದ, ಅಚ್ಚಾದ ಪ್ರಸಂಗಪುಸ್ತಕದಲ್ಲಿ ಇನ್ನೂರಕ್ಕೂ ಮಿಕ್ಕಿ ಪದ್ಯ ಇರುವುದುಂಟು. ಅಂದರೆ ಐದರಲ್ಲಿ ನಾಲ್ಕು ಪಾಲು ಹೋಗಲೇಬೇಕು. ಕತ್ತರಿ ಹಾಕುವವರು ಕಣ್ಣಿಗೆ ಕಾಣುವುದನ್ನು ಉಳಿಸಿಕೊಂಡು ಕಿವಿಗೆ ಬೀಳುವುದನ್ನು ಬಿಡುತ್ತಾರೆ. ಹಾರಿ ಸುತ್ತುವ ದಿಗಿಣ ಉಳಿಯುತ್ತದೆ, ಸಂವಾದದ ಪದ್ಯ ಹೋಗುತ್ತದೆ.

ಕರ್ಣಪರ್ವವನ್ನೇ ತೆಗೆದುಕೊಳ್ಳಿ. ಸರ್ಪಾಸ್ತ್ರ ಬಿಟ್ಟಾಗ ಕೃಷ್ಣ ರಥವನ್ನು ಕೆಳಕ್ಕೊತ್ತುತ್ತಾನೆ, ಬಾಣ ಕಿರೀಟವನ್ನಷ್ಟೇ ಹಾರಿಸುತ್ತದೆ. ತೊಟ್ಟ ಬಾಣವನ್ನು ಮರಳಿ ತೊಡಲೊಲ್ಲೆ ಎಂದು ಕರ್ಣ ಹಟ ಹಿಡಿಯುತ್ತಾನೆ, ಶಲ್ಯ ಸಿಟ್ಟಾಗಿ ರಥದಿಂದ ಇಳಿದು ನಡೆಯುತ್ತಾನೆ. ಈ ಇಳಿಯುವಿಕೆಗೆ ಬೆಲೆ ಬರಬೇಕಾದರೆ ಅದಕ್ಕೂ ಮುಂಚೆ ಸಾರಥ್ಯ ಒಪ್ಪುವಾಗಿನ ಚುಚ್ಚುಮಾತು ಎರಡೇ ಪದ್ಯವಾದರೂ ಬಂದಿರಬೇಕು. ಅದನ್ನು ಬಿಟ್ಟು ನೇರ ಯುದ್ಧಕ್ಕೆ ಹಾರಿದರೆ ಶಲ್ಯ ಯಾಕೆ ಇಳಿದ ಎಂದು ಮಕ್ಕಳು ಕೇಳಿದಾಗ ಪಕ್ಕದಲ್ಲಿ ಕೂತ ಅಪ್ಪನಿಗೂ ಉತ್ತರ ಇರುವುದಿಲ್ಲ. ಯುದ್ಧದ ಬಿರುಸಿನ ಏರುಪದ್ಯಗಳಲ್ಲಿ ನಾಲ್ಕು ತೆಗೆದರೆ ಯಾರಿಗೂ ಗೊತ್ತಾಗದು. ಈ ಎರಡು ತೆಗೆದರೆ ಕಥೆಯ ಕೀಲು ಕಳಚುತ್ತದೆ.

ಹಾಗಾದರೆ ನೋಡುವವರು ಏನು ಮಾಡಬಹುದು? ಪ್ರಸಂಗದ ಹೆಸರು ಪ್ರಕಟವಾದ ಕೂಡಲೇ ಪುಸ್ತಕ ಹುಡುಕಿ. ಹಳೆಯ ಪ್ರಸಂಗಗಳ ಪಿಡಿಎಫ್ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಇಡೀ ಓದಬೇಕಿಲ್ಲ, ಅರ್ಧ ಗಂಟೆ ಸಾಕು. ಪ್ರತಿ ಪದ್ಯದ ತಲೆಯ ಮೇಲೆ ರಾಗ, ತಾಳ ಬರೆದಿರುತ್ತಾರೆ, ಅದನ್ನು ಗಮನಿಸಿ. ಭಾರತದ ಕಥೆಯಾದರೆ ಕುಮಾರವ್ಯಾಸನ ಆ ಸಂಧಿ, ಸುಧನ್ವನೋ ಬಭ್ರುವಾಹನನೋ ಆದರೆ ಲಕ್ಷ್ಮೀಶನ ಜೈಮಿನಿ ಭಾರತ ಜೊತೆಗಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಪ್ರಸಂಗಕರ್ತರು ಎಷ್ಟೋ ಕಡೆ ಇವರ ಬೆನ್ನಿಗೇ ನಡೆದಿದ್ದಾರೆ, ಅರ್ಥಧಾರಿಗಳೂ ಮಾತಿನ ನಡುವೆ ಇವರ ಸಾಲುಗಳನ್ನೇ ಎತ್ತಿಕೊಳ್ಳುತ್ತಾರೆ. ಪೂರ್ತಿ ಆಟಕ್ಕೆ ಹೋಲಿಸಿದರೆ ಕಾಲಮಿತಿಯಲ್ಲಿ ಓದಿದ್ದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬಿಟ್ಟ ಪದ್ಯಗಳ ಜಾಗವನ್ನು ನಿಮ್ಮ ನೆನಪು ತುಂಬಿಕೊಡುತ್ತದೆ.

ಇನ್ನು ಕಿವಿಯ ಕೆಲಸ. ಯಕ್ಷಗಾನದ ತಾಳ ಕಷ್ಟ ಎಂದು ಹೆದರಿಸುವವರಿದ್ದಾರೆ. ಛಂದಸ್ಸಿನ ಕಡೆಯಿಂದ ಹೋದರೆ ಅಷ್ಟು ಕಷ್ಟವಿಲ್ಲ. ಮಾದರಿಗೆ ಒಂದು ಸಾಲು ಕಟ್ಟೋಣ: "ಕೇಳು ಸಾರಥಿ ರಥವ ನಿಲ್ಲಿಸು." ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನದಕ್ಕೂ ಎರಡು. ಕೇಳು ಮೂರು, ಸಾರಥಿ ನಾಲ್ಕು, ರಥವ ಮೂರು, ನಿಲ್ಲಿಸು ನಾಲ್ಕು. ಒಟ್ಟು ಹದಿನಾಲ್ಕು, ಭಾಮಿನಿ ಷಟ್ಪದಿಯ ಮೊದಲ ಸಾಲಿನ ಅಳತೆ. ಮೂರು-ನಾಲ್ಕು ಕೂಡಿದರೆ ಏಳು. ತ್ರಿವುಡೆ ತಾಳಕ್ಕೂ ಏಳೇ ಅಕ್ಷರ, ಅಂದರೆ ಏಳೇ ಎಣಿಕೆ, ಅಷ್ಟತಾಳ ಅದರ ಇಮ್ಮಡಿ ಹದಿನಾಲ್ಕು. ಈಗ ಅದೇ ಮಾತನ್ನು ಬೇರೆ ನಡೆಗೆ ಹಾಕಿ: "ಕೇಳಯ್ಯ ಸಾರಥಿಯೆ ನಿಲ್ಲಿಸೈ ತೇರನ್ನು." ಐದು, ಐದು, ಐದು, ಐದು. ಇಪ್ಪತ್ತು ಮಾತ್ರೆ, ವಾರ್ಧಕ ಷಟ್ಪದಿಯ ಸಾಲು. ಐದರ ನಡೆ ಇದ್ದ ಹಾಡು ಹತ್ತು ಅಕ್ಷರದ ಜಂಪೆಗೆ ಹೊಂದುತ್ತದೆ. ನಾಲ್ಕರ ನಡೆ ಏಕತಾಳಕ್ಕೆ, ಮೂರರದ್ದೋ ಆರರದ್ದೋ ಆದರೆ ರೂಪಕಕ್ಕೆ. ಷಟ್ಪದಿ, ಕಂದಗಳನ್ನು ಭಾಗವತರು ಹೆಚ್ಚಾಗಿ ತಾಳವಿಲ್ಲದೆ ಬಿಡಿಸಿ ಹಾಡುತ್ತಾರೆ, ಅದು ಬೇರೆ ಮಾತು. ತಾಳಕ್ಕೆ ಕೂರಿಸಿದ ಹಾಡುಗಳಲ್ಲಿ ಈ ಲೆಕ್ಕ ಕೈಕೊಡುವುದು ಅಪರೂಪ.

ಕೂತಲ್ಲೇ ತೊಡೆಯ ಮೇಲೆ ಬೆರಳಲ್ಲಿ ಎಣಿಸಿ: ತಕಿಟ ತಕಧಿಮಿ, ತಕಿಟ ತಕಧಿಮಿ. ಮೂರು ಪದ್ಯದೊಳಗೆ ಕೈ ತಾನಾಗಿ ಹೋಗುತ್ತದೆ. ಪದ್ಯ ಮುಗಿಯುವ ಹೊತ್ತಿಗೆ ಚೆಂಡೆ, ಮದ್ದಲೆಯಲ್ಲಿ ಬರುವ ಬಿಡ್ತಿಗೆ, ಮುಕ್ತಾಯದ ಪೆಟ್ಟುಗಳು ಆಗ ಬರೀ ಸದ್ದಾಗಿ ಉಳಿಯುವುದಿಲ್ಲ. ವೇಷಧಾರಿಯ ಹೆಜ್ಜೆ ಸರಿಯಾಗಿ ಬಂದು ನಿಂತಿತೋ, ಒಂದು ಅಕ್ಷರ ಮುಂಚೆಯೇ ಬಿತ್ತೋ ನಿಮಗೇ ತಿಳಿಯುತ್ತದೆ. ಚಪ್ಪಾಳೆ ಯಾವಾಗ ತಟ್ಟಬೇಕೆಂದೂ ತಿಳಿಯುತ್ತದೆ. ದಿಗಿಣ ಎಷ್ಟು ಹಾಕಿದರೆಂದು ಎಣಿಸಿ ತಟ್ಟುವ ಚಪ್ಪಾಳೆ ಕಲಾವಿದರನ್ನು ಕೆಡಿಸಿದಷ್ಟು ಬೇರೆ ಯಾವುದೂ ಕೆಡಿಸಿಲ್ಲ.

ಮದ್ದಲೆಯ ಸಂಗತಿ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಮುಂಬಯಿಯಲ್ಲಿ ಆಟ ಹಾಳಾಗುವ ದಾರಿಗಳಲ್ಲಿ ಇದೊಂದು. ಮದ್ದಲೆಯ ಬಲಮುಚ್ಚಿಗೆಗೆ ಕರಣೆ, ಅಂದರೆ ಕಪ್ಪು ಲೇಪ, ಹಾಕಿ ಭಾಗವತರ ಶ್ರುತಿಗೆ ಕೂಡಿಸಿರುತ್ತಾರೆ. ಮುಚ್ಚಿಗೆ ಎಂದರೆ ಚರ್ಮ. ಜುಲೈ ಗಾಳಿಯ ತೇವ ಹೀರಿದರೆ ಅದು ಸಡಿಲಾಗಿ ಶ್ರುತಿ ಇಳಿಯುತ್ತದೆ. ವೇಷ ಕಟ್ಟುವ ಚೌಕಿಯಲ್ಲಿ ಎಸಿ ಇಲ್ಲ, ಅಲ್ಲೇ ಬಾರು ಬಿಗಿದು ಶ್ರುತಿ ಮಾಡುತ್ತಾರೆ. ಆಮೇಲೆ ಎಸಿ ಹಾಕಿದ ಸಭಾಗೃಹಕ್ಕೆ ತಂದರೆ ಒಣಗಾಳಿಗೆ ಚರ್ಮ ಬಿಗಿದು ಶ್ರುತಿ ಏರತೊಡಗುತ್ತದೆ. ಮೊದಲ ಅರ್ಧ ಗಂಟೆ ಭಾಗವತರದು ಒಂದು ದಾರಿ, ಮದ್ದಲೆಯದು ಇನ್ನೊಂದು. ಪರಿಹಾರ ಸುಲಭ: ಆಟಕ್ಕೆ ಒಂದು ಗಂಟೆ ಮುಂಚೆ ಎಸಿ ಹಾಕಿಸಿ, ಮದ್ದಲೆ, ಚೆಂಡೆಗಳನ್ನು ರಂಗಸ್ಥಳದ ಮೇಲೇ ಇಟ್ಟು, ಅಲ್ಲೇ ಕೊನೆಯ ಶ್ರುತಿ ಮಾಡಿಸುವುದು. ಬಾಡಿಗೆ ಉಳಿಸಲು ಪರದೆ ಏಳುವಾಗಲೇ ಎಸಿ ಹಾಕುವ ಸಂಘಟಕರು ಈ ಒಂದು ಗಂಟೆಗೆ ಮನಸ್ಸು ಮಾಡಬೇಕು.

ಮೈಕಿನ ವಿಷಯಕ್ಕೆ ಬಂದರೆ, ಐನೂರು ಕುರ್ಚಿಯ ಮುಚ್ಚಿದ ಸಭಾಗೃಹದಲ್ಲಿ ಚೆಂಡೆಗೆ ಮೈಕೇ ಬೇಡ. ಭಾಗವತರಿಗೊಂದು, ಮದ್ದಲೆಯ ಬಲಕ್ಕೊಂದು, ವೇಷಧಾರಿಗಳ ಮುಮ್ಮೇಳಕ್ಕೆ ರಂಗದ ಅಂಚಿನಲ್ಲಿ ಎರಡು ಮೂರು. ಕಾಲರ್ ಮೈಕು ಎದೆಕಟ್ಟಿಗೆ ಉಜ್ಜಿ ಕರಕರ ಅನ್ನುತ್ತದೆ. ಮಾನಿಟರ್ ಪೆಟ್ಟಿಗೆಯ ಮುಖ ಮೈಕಿನ ಕಡೆಗಿದ್ದರೆ ಅರ್ಥ ಹೇಳುವ ನಡುವೆ ಹೌಲಿಂಗ್ ಗ್ಯಾರಂಟಿ. ನೋಡುವವರು ಮುಂದಿನ ಎರಡು ಸಾಲು ಬಿಟ್ಟು, ಎರಡೂ ಸ್ಪೀಕರಿನಿಂದ ಸಮದೂರದ ನಡು ಸಾಲುಗಳಲ್ಲಿ ಕೂರುವುದು ಲೇಸು. ಶೃಂಗಾರ, ದುಃಖದ ಪದ್ಯಗಳಲ್ಲಿ ಚೆಂಡೆ ಸುಮ್ಮನಾಗಿ ಮದ್ದಲೆಯೊಂದೇ ನಡೆಯುತ್ತದೆ. ಆ ಹೊತ್ತಿನಲ್ಲಿ ಅದರ ಎಡಗೈ ಕೇಳಿಸುವುದು ಅಲ್ಲಿಂದಲೇ. ಫೋನಿನ ಸ್ಪೀಕರಿನಲ್ಲಿ ವಿಡಿಯೋ ನೋಡುವವರಿಗೆ ಈ ಎಡಗೈ ಸಿಗುವುದೇ ಇಲ್ಲ, ಅಷ್ಟು ಚಿಕ್ಕ ಸ್ಪೀಕರು ಮಂದ್ರದ ನಾದವನ್ನು ಹೊರಡಿಸಲಾರದು. ಇಯರ್‌ಫೋನ್ ಹಾಕಿಕೊಳ್ಳಿ.

ಬೆಳಕಿನ ಬಗ್ಗೆ ಒಂದೇ ಮಾತು. ಕಸೆ ಸೀರೆಯ ಕೆಂಪಿಗೆ ನೀಲಿ ಎಲ್‌ಇಡಿ ಬಿದ್ದರೆ ಅದು ಕಪ್ಪಾಗಿ ಕಾಣುತ್ತದೆ, ಬೇಗಡೆಯ ಹೊಳಪೂ ಸಾಯುತ್ತದೆ. ಹಳದಿ ಕಡೆಗೆ ವಾಲಿದ ಬಿಳಿ ಬೆಳಕು ಸಾಕು, ಹೊಗೆಯ ಯಂತ್ರ ಬೇಡವೇ ಬೇಡ.

ಸನ್ಮಾನದ ಕುರಿತು ಮಾತಾಡದೆ ಮುಂಬಯಿಯ ಆಟದ ಮಾತು ಮುಗಿಯುವುದಿಲ್ಲ. ಆಟದ ನಟ್ಟನಡುವೆ ಪರದೆ ಎಳೆದು ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಆರೆಂಟು ಜನರ ಎರಡೆರಡು ಮಾತು. ನಲವತ್ತು ನಿಮಿಷ ಹೋಗುವುದು ಖಂಡಿತ. ಮೇಲಿನ ಲೆಕ್ಕದಲ್ಲಿ ಅದು ಹತ್ತು ಪದ್ಯ, ಆಟದ ಕಾಲು ಭಾಗ. ಕಳೆದ ಹೊತ್ತನ್ನು ಭಾಗವತರು ಕೊನೆಯಲ್ಲಿ ಕಿತ್ತು ಹೊಂದಿಸಬೇಕಾಗುತ್ತದೆ, ಆದ್ದರಿಂದಲೇ ನಮ್ಮಲ್ಲಿ ವಧೆಗಳೆಲ್ಲ ಅವಸರದಲ್ಲಿ ಆಗುತ್ತವೆ! ತೆಂಕುತಿಟ್ಟಿನ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಇದ್ದರೆ ಪೇಚು ಇನ್ನೂ ಹೆಚ್ಚು. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖಕ್ಕೆ ಚಿಟ್ಟಿಯ ಬಿಳಿ ಮುಳ್ಳುಗಳನ್ನು ಇಡಲು ಗಂಟೆಗಟ್ಟಲೆ ಬೇಕು. ಪ್ರವೇಶದ ಹೊತ್ತು ಹಿಡಿದೇ ಅವರು ಚೌಕಿಯಲ್ಲಿ ಕೂತಿರುತ್ತಾರೆ. ನಡುವೆ ನಲವತ್ತು ನಿಮಿಷ ಸೇರಿದರೆ ಒಣಗಿದ ಚಿಟ್ಟಿ ಬೆವರಿಗೆ ಬಿರಿಯುತ್ತದೆ. ಸನ್ಮಾನ ಬೇಡವೆಂದು ಯಾರೂ ಹೇಳುತ್ತಿಲ್ಲ, ಅದನ್ನು ಚೌಕಿಪೂಜೆಗೂ ಮೊದಲೇ ಮುಗಿಸಿ. ಆಗ ಸಭೆ ಖಾಲಿ ಇರುತ್ತದೆ ಎಂಬ ಹೆದರಿಕೆ ನಿಜ, ಆದರೆ ಅದಕ್ಕೆ ದಂಡ ಕಟ್ಟುವವನು ಕರ್ಣನಾಗಬಾರದು.

ಹೌಸಿಂಗ್ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಏನಾದರೂ ಮಾಡಬೇಕೆನ್ನುವವರಿಗೆ ತಾಳಮದ್ದಲೆ ಹೇಳಿ ಮಾಡಿಸಿದಂತಿದೆ. ವೇಷವಿಲ್ಲ, ಚೌಕಿಯಿಲ್ಲ. ಭಾಗವತರು, ಮದ್ದಲೆ, ಚೆಂಡೆ, ಅರ್ಥ ಹೇಳಲು ನಾಲ್ಕೈದು ಮಂದಿ. ಎರಡೂವರೆ ಗಂಟೆಗೆ ಹದಿನೈದು ಇಪ್ಪತ್ತು ಪದ್ಯ ಧಾರಾಳ, ಯಾಕೆಂದರೆ ಇಲ್ಲಿ ಕುಣಿತದ ಹೊತ್ತೆಲ್ಲ ಮಾತಿಗೆ ಹೋಗುತ್ತದೆ. ಕೇಳುಗರ ಕೈಗೆ ಪದ್ಯಗಳ ಎರಡು ಪುಟ ಕೊಟ್ಟರೆ ಅರ್ಥಧಾರಿ ಪದ್ಯದ ಯಾವ ಮಾತನ್ನು ಹಿಡಿದು ವಾದ ಬೆಳೆಸಿದ, ಯಾವುದನ್ನು ಜಾಣತನದಿಂದ ಜಾರಿಸಿದ ಎಂದು ಹಿಂಬಾಲಿಸಬಹುದು. ಅರ್ಧ ಸುಖ ಅದರಲ್ಲೇ ಇದೆ.

ಇಲ್ಲಿ ಹುಟ್ಟಿದ ಮಕ್ಕಳಲ್ಲಿ ಅನೇಕರಿಗೆ ಕನ್ನಡ ಅರ್ಥವಾಗುತ್ತದೆ, ಲಿಪಿ ಬರುವುದಿಲ್ಲ. ಆ ಎರಡು ಪುಟವನ್ನು ದೇವನಾಗರಿಯಲ್ಲೂ ಮುದ್ರಿಸಿ ಕೊಡಿ. ಎಚ್ಚರಿಕೆ ಒಂದಿದೆ. ಮರಾಠಿ ಬರಹದಲ್ಲಿ ಎ-ಏ, ಒ-ಓ ಭೇದವಿಲ್ಲ. ಸಾರಥಿಯೆ ಎಂದು ಬರೆದದ್ದನ್ನು ಮಗು ಸಾರಥಿಯೇ ಎಂದು ಓದುತ್ತದೆ, ಐದು ಮಾತ್ರೆ ಆರಾಗಿ ತಾಳ ತಪ್ಪುತ್ತದೆ. ಹ್ರಸ್ವ ಎ, ಒ ಬಂದ ಅಕ್ಷರಗಳ ಕೆಳಗೆ ಗೆರೆ ಎಳೆಯಿರಿ. ಮೇಲೆ ಚುಕ್ಕಿ ಇಡಬೇಡಿ, ಅದನ್ನು ಅವರು ಅನುಸ್ವಾರವೆಂದು ಓದುತ್ತಾರೆ. ಪುಟ ಅಚ್ಚಿಗೆ ಹೋಗುವ ಮುಂಚೆ ಭಾಗವತರಿಂದ ಒಮ್ಮೆ ಹಾಡಿಸಿ ತಾಳೆ ನೋಡಿ.